ಈ ಸುದ್ದಿ ಯಾರ ಕಡೆಯದು? ಚುನಾವಣೆ ಹೊತ್ತಿನಲ್ಲಿ ಪೇಪರ್, ಟಿವಿ, ವಾಟ್ಸಾಪ್ ಓದುವ ಬಗೆ

"ಯಾವ ಪೇಪರ್ ನಂಬೋದು ಸಾರ್?" ಚುನಾವಣೆ ಹತ್ತಿರ ಬಂದಾಗಲೆಲ್ಲ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಓದುಗರು ನನಗೆ ಕೇಳುವುದು ಇದನ್ನೇ. ಆ ಚಾನೆಲ್ ಈ ಪಕ್ಷದ್ದಂತೆ ಹೌದಾ, ಗ್ರೂಪಿಗೆ ಬಂದ ಸಮೀಕ್ಷೆ ನಿಜವಾ, ಹೊರದೇಶದವರು ನಮ್ಮ ಎಲೆಕ್ಷನ್‌ನಲ್ಲಿ ಕೈ ಆಡಿಸುತ್ತಾರಂತಲ್ಲ ಅದೆಲ್ಲ ಕತೆಯಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಯಾವ ಪೇಪರ್ ನಂಬಬೇಕು ಅಂತ ನಾನು ಹೆಸರು ಹೇಳುವುದಿಲ್ಲ. ಒಂದೇ ಪೇಪರಿನ ಮೂರನೇ ಪುಟದಲ್ಲಿ ವರದಿಗಾರ ಬಿಸಿಲಲ್ಲಿ ಓಡಾಡಿ ತಂದ ಅಚ್ಚುಕಟ್ಟಾದ ಸುದ್ದಿ ಇರುತ್ತದೆ, ಐದನೇ ಪುಟ ಯಾರದೋ ದುಡ್ಡಿನಲ್ಲಿ ತುಂಬಿರುತ್ತದೆ. ಹಾಗಾಗಿ ನಂಬಿಕೆಯನ್ನು ಪೇಪರ್ ಲೆಕ್ಕದಲ್ಲಿ ಇಡಬೇಡಿ, ಸುದ್ದಿ ಲೆಕ್ಕದಲ್ಲಿ ಇಡಿ. ಇನ್ನೊಂದು, ಒಲವು ಬೇರೆ, ಸುಳ್ಳು ಬೇರೆ. ಒಂದಕ್ಷರವೂ ಸುಳ್ಳಿಲ್ಲದೆ ಪೂರ್ತಿ ಒಂದು ಕಡೆಗೆ ವಾಲಿದ ಸುದ್ದಿ ಬರೆಯಬಹುದು. ಬರೆಯುತ್ತಾರೆ ಕೂಡ.

ಏನೇನು ಬೇಕು

ಒಂದು ನೂರು ಪುಟದ ನೋಟ್‌ಬುಕ್, ಪೆನ್ನು, ಇಂಟರ್ನೆಟ್ ಇರುವ ಫೋನ್. ಎರಡು ಬೇರೆ ಬೇರೆ ದಿನಪತ್ರಿಕೆ, ಸಾಧ್ಯವಾದರೆ ಒಂದು ರಾಜ್ಯಮಟ್ಟದ್ದು, ಒಂದು ಊರಿನದ್ದು. ಕೊಳ್ಳಲೇಬೇಕು ಅಂತಿಲ್ಲ, ಜಿಲ್ಲಾ ಗ್ರಂಥಾಲಯದಲ್ಲಿ ಎಲ್ಲ ಪೇಪರೂ ಸಿಗುತ್ತವೆ, ಕಟಿಂಗ್ ಶಾಪ್‌ನಲ್ಲಿ ಕೂತರೂ ಎರಡು ಸಿಗುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷ, ಒಟ್ಟು ಏಳು ದಿನ. ಅಷ್ಟೇ.

ಹಂತ 1: ಮೊದಲು ನಿಮ್ಮ ಒಲವು ಬರೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡೇ ಸಾಲು. ಯಾರು ಗೆಲ್ಲಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ, ಯಾರನ್ನು ಕಂಡರೆ ನಿಮಗೆ ಆಗುವುದಿಲ್ಲ. ಯಾರಿಗೂ ತೋರಿಸಬೇಡಿ. ಇದನ್ನು ಬಿಟ್ಟು ಮುಂದೆ ಹೋದವರು ಏಳನೇ ದಿನ ಬಂದು "ನೋಡಿ ಸಾರ್, ನನಗಾಗದ ಪೇಪರೇ ಪಕ್ಷಪಾತಿ ಅಂತ ಸಾಬೀತಾಯ್ತು" ಅಂತ ಹೇಳಿದ್ದನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

ಹಂತ 2: ಯಜಮಾನ ಯಾರು ನೋಡಿ

ಯಾವ ಪತ್ರಿಕೆಯಲ್ಲಾದರೂ, ಸಾಮಾನ್ಯವಾಗಿ ಕೊನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಅಂತ. ಅದನ್ನು ಓದುವವರು ಯಾರೂ ಇಲ್ಲ, ನೀವು ಓದಿ. ಮಾರ್ಚ್ ಮೊದಲ ವಾರದ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಸಿಕ್ಕರೆ 'ನಮೂನೆ 4' ಅನ್ನುವ ಚಿಕ್ಕ ಪ್ರಕಟಣೆ ಹುಡುಕಿ. ಪತ್ರಿಕೆಯ ಮಾಲೀಕರು ಯಾರು, ದೊಡ್ಡ ಪಾಲು ಯಾರದ್ದು ಅಂತ ಪತ್ರಿಕೆಗಳು ವರ್ಷಕ್ಕೊಂದು ಸಲ ಅದರಲ್ಲಿ ಹೇಳುತ್ತಾ ಬಂದಿವೆ.

ಹೆಸರು ಸಿಕ್ಕ ಮೇಲೆ ಆ ಮನೆತನ ಇನ್ನೇನು ವ್ಯವಹಾರ ನಡೆಸುತ್ತದೆ ನೋಡಿ. ಕಾಲೇಜಾ, ಗಣಿಯಾ, ರಿಯಲ್ ಎಸ್ಟೇಟಾ, ಸಕ್ಕರೆ ಕಾರ್ಖಾನೆಯಾ. ಮನೆಯಲ್ಲಿ ಯಾರಾದರೂ ಟಿಕೆಟ್ ಕೇಳುತ್ತಿದ್ದಾರಾ. ಇದು ಗೊತ್ತಿದ್ದರೆ ಸಾಕು, ಅಷ್ಟಕ್ಕೇ ತೀರ್ಪು ಕೊಡಬೇಡಿ. ರಾಜಕಾರಣಿಯ ಮನೆಯ ಪೇಪರಿನಲ್ಲೂ ಒಳ್ಳೆಯ ವರದಿಗಾರರಿರುತ್ತಾರೆ, ಯಾರ ಹಂಗೂ ಇಲ್ಲ ಅಂತ ಎದೆ ತಟ್ಟಿಕೊಳ್ಳುವ ಪೇಪರೂ ಸರ್ಕಾರಿ ಜಾಹೀರಾತಿನ ಬಿಲ್‌ಗಾಗಿ ಕಾಯುತ್ತಿರುತ್ತದೆ.

ಹಂತ 3: ಎರಡು ಪೇಪರ್ ಪಕ್ಕಪಕ್ಕ ಇಟ್ಟು ಓದಿ

ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಡುವುದು ಈ ಹಂತ. ನಿಧಾನವಾಗಿ ಮಾಡಿ.

ದಿನಕ್ಕೆ ಒಂದೇ ಸುದ್ದಿ ಆರಿಸಿ, ಎರಡೂ ಪೇಪರಿನಲ್ಲಿ ಬಂದಿರುವಂಥದ್ದು. ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ, ಭದ್ರಾ ನೀರನ್ನು ಚಿತ್ರದುರ್ಗದ ಕಡೆಗೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಮೂರು ತಿಂಗಳಿಗೆ, ಮೇ 10ಕ್ಕೆ, ವಿಧಾನಸಭೆ ಚುನಾವಣೆಯ ಮತದಾನ. ಆಮೇಲೆ ಬಂದ ರಾಜ್ಯ ಸರ್ಕಾರ ಆ ಹಣ ಬಿಡುಗಡೆಯಾಗಿಲ್ಲ ಅಂತ ಹೇಳುತ್ತಾ ಬಂದಿದೆ. ಈಗ ಇದರ ಮೇಲೆ ಎರಡು ತಲೆಬರಹ ನಾನೇ ಬರೆಯುತ್ತೇನೆ ನೋಡಿ:

"ಬರದ ನಾಡಿಗೆ ಭದ್ರೆ: ಕೇಂದ್ರದಿಂದ 5,300 ಕೋಟಿ ಘೋಷಣೆ"

"5,300 ಕೋಟಿ ಎಲ್ಲಿ? ದುರ್ಗದ ರೈತರ ಪ್ರಶ್ನೆ"

ಎರಡರಲ್ಲೂ ಸುಳ್ಳಿಲ್ಲ. ಆದರೆ ಮೊದಲನೆಯದನ್ನು ಮಾತ್ರ ಓದಿದವರು ಒಂದು ಕಡೆ ಹೋಗುತ್ತಾರೆ, ಎರಡನೆಯದನ್ನು ಮಾತ್ರ ಓದಿದವರು ಇನ್ನೊಂದು ಕಡೆ. ಒಂದು ವರದಿಯಲ್ಲಿ ಹಣ ಬಂತಾ ಇಲ್ಲವಾ ಅನ್ನುವ ಮಾತೇ ಇರುವುದಿಲ್ಲ, ಇನ್ನೊಂದರಲ್ಲಿ ರಾಜ್ಯ ತಾನು ಇಷ್ಟು ವರ್ಷ ಎಷ್ಟು ಕೆಲಸ ಮುಗಿಸಿದೆ ಅನ್ನುವ ಮಾತೇ ಇರುವುದಿಲ್ಲ. ಬಿಟ್ಟಿದ್ದು ಏನು ಅಂತ ಹುಡುಕುವುದೇ ಇಲ್ಲಿ ಕೆಲಸ. ಬರೆದದ್ದು ಕಣ್ಣಿಗೆ ಕಾಣುತ್ತದೆ, ಬಿಟ್ಟಿದ್ದು ಕಾಣಬೇಕಾದರೆ ಪಕ್ಕದಲ್ಲಿ ಇನ್ನೊಂದು ಪೇಪರ್ ಇರಲೇಬೇಕು.

ಇಲ್ಲೇ ಒಂದು ಮಾತು. ಒಲವು ಅಂದ ಕೂಡಲೇ ಎಲ್ಲರೂ ಪಕ್ಷ ಅಂತಲೇ ಅಂದುಕೊಳ್ಳುತ್ತಾರೆ. ಭದ್ರಾ ನೀರಿನ ಜಗಳದಲ್ಲಿ ಅದು ಊರಿನ ಒಲವು. ಬಲದಂಡೆ ನಾಲೆಯ ಭತ್ತದ ಗದ್ದೆ ಇರುವ ದಾವಣಗೆರೆಯ ಆವೃತ್ತಿಗೂ, ನೀರಿಗೆ ಬಾಯಿ ಬಿಟ್ಟು ಕೂತಿರುವ ಚಿತ್ರದುರ್ಗದ ಆವೃತ್ತಿಗೂ, ಒಂದೇ ಪೇಪರ್ ಆಗಿದ್ದರೂ, ಒಂದೇ ದಿನ ಸುದ್ದಿಯ ಮುಖ ಬೇರೆ ಇರಬಹುದು. ದುರ್ಗದಲ್ಲಿ ನೆಂಟರಿದ್ದರೆ ಅವರ ಕಡೆಯ ಆವೃತ್ತಿಯ ಫೋಟೊ ತರಿಸಿಕೊಂಡು ಒಂದು ದಿನ ಹೋಲಿಸಿ ನೋಡಿ.

ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದು ಹೀಗೆ ತುಂಬಿ: ಯಾವ ಪುಟ, ಎಷ್ಟು ಕಾಲಂ, ಫೋಟೊ ಯಾರದ್ದು, ಯಾರ ಮಾತು ಎಷ್ಟು ಸಾಲು, ಕ್ರಿಯಾಪದ ಯಾವುದು.

ಕ್ರಿಯಾಪದವಾ ಅಂತ ನಗಬೇಡಿ. ಕನ್ನಡ ಪೇಪರಿನ ಒಲವೆಲ್ಲ ಅಡಗಿರುವುದು ಅಲ್ಲೇ. ಒಬ್ಬ ನಾಯಕ "ಸ್ಪಷ್ಟಪಡಿಸಿದರು", ಇನ್ನೊಬ್ಬ "ಸಮಜಾಯಿಷಿ ನೀಡಿದರು". ಮಾತು ಒಂದೇ, ಮೊದಲನೆಯವನು ನಿಜ ಹೇಳಿದ ಹಾಗೆ ಕೇಳುತ್ತದೆ, ಎರಡನೆಯವನು ಸಿಕ್ಕಿಬಿದ್ದು ಜಾರಿಕೊಂಡ ಹಾಗೆ. ಒಬ್ಬ "ಹೇಳಿದರು" ಆದರೆ ಇನ್ನೊಬ್ಬ "ಒಪ್ಪಿಕೊಂಡರು", ಒಪ್ಪಿಕೊಳ್ಳಬೇಕಾದರೆ ಮೊದಲು ತಪ್ಪು ಮಾಡಿರಬೇಕಲ್ವಾ? ಒಬ್ಬರು "ಗುಡುಗಿದರು", ಇನ್ನೊಬ್ಬರು "ಕೂಗಾಡಿದರು". ಒಬ್ಬರ ಸಭೆಗೆ "ಜನಸಾಗರ", ಇನ್ನೊಬ್ಬರ ಸಭೆಗೆ "ಖಾಲಿ ಕುರ್ಚಿ". ಜನಸಾಗರ ಅಂದರೆ ಎಷ್ಟು ಜನ? ಹೈಸ್ಕೂಲ್ ಮೈದಾನದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅಂತ ಊರಿನವರಿಗೆ ಗೊತ್ತಿರುತ್ತದೆ, ಪೇಪರಿನವರಿಗೂ ಗೊತ್ತಿರುತ್ತದೆ, ಸುಮ್ನೆ ಬರೆದಿರುತ್ತಾರೆ.

ಇನ್ನೂ ಮೂರಕ್ಕೆ ಕೆಂಪು ಗೆರೆ ಎಳೆಯಿರಿ. ಒಂದು, "ಎನ್ನಲಾಗಿದೆ", "ಎಂಬ ಮಾತು ಕೇಳಿಬರುತ್ತಿದೆ". ಯಾರು ಅಂದರು, ಯಾರಿಗೆ ಕೇಳಿಬಂತು ಅಂತ ಇಲ್ಲದಿದ್ದರೆ ಆ ಸಾಲಿಗೆ ಸೊನ್ನೆ ಅಂಕ. ಎರಡು, ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. "ಪಕ್ಷ ಬಿಡ್ತಾರಾ ಶಾಸಕರು?" ಅಂತ ಇದ್ದರೆ ಬಿಡುತ್ತಾರೆ ಅನ್ನುವುದಕ್ಕೆ ಅವರ ಹತ್ತಿರ ಆಧಾರವಿಲ್ಲ ಅಂತಲೇ ಅರ್ಥ. ಮೂರು, ತಲೆಬರಹದಲ್ಲಿ ಇರುವುದು ಒಳಗಿನ ಸುದ್ದಿಯಲ್ಲಿ ಇದೆಯಾ? ಎಷ್ಟೋ ಸಲ ಇರುವುದೇ ಇಲ್ಲ.

ಇಲ್ಲಿ ಎಡವುವುದು ಹೇಗೆ ಅಂದರೆ, ಒಂದೇ ದಿನದ ಪೇಪರ್ ಹಿಡಿದು ತೀರ್ಮಾನಕ್ಕೆ ಬರುವುದು. ಒಂದು ದಿನ ಒಬ್ಬ ದೊಡ್ಡ ನಾಯಕ ಊರಿಗೆ ಬಂದಿದ್ದರೆ ಅವತ್ತು ಎಲ್ಲ ಪೇಪರೂ ಅವರದ್ದೇ. ಏಳು ದಿನದ್ದನ್ನು ಕೂಡಿಸಿದ ಮೇಲೆಯೇ ಮಾತು. ಹಾಗೆಯೇ ಎರಡೂ ಕಡೆಗೆ ಸರಿಸಮ ಜಾಗ ಕೊಟ್ಟರೆ ನ್ಯಾಯ ಅಂತಲೂ ಅಲ್ಲ. ಒಬ್ಬರು ದಾಖಲೆ ಇಟ್ಟು ಮಾತಾಡಿ, ಇನ್ನೊಬ್ಬರು ಬಾಯಿಗೆ ಬಂದದ್ದು ಹೇಳಿದಾಗ ಇಬ್ಬರಿಗೂ ಹತ್ತು ಹತ್ತು ಸಾಲು ಕೊಡುವುದು ಕೂಡ ಒಂದು ಬಗೆಯ ಒಲವೇ.

ಹಂತ 4: ಕಾಸಿನ ಸುದ್ದಿ ಹಿಡಿಯಿರಿ

ಪೇಯ್ಡ್ ನ್ಯೂಸ್ ಅಂದರೆ ದುಡ್ಡೋ, ಇನ್ನೇನಾದರೂ ಲಾಭವೋ ಪಡೆದು ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಹಾಕುವುದು. ಇದನ್ನು ಯಾಕೆ ಮಾಡುತ್ತಾರೆ ಗೊತ್ತಾದರೆ ಹಿಡಿಯುವುದು ಸುಲಭ. ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯೊಬ್ಬರು ಲೋಕಸಭೆ ಚುನಾವಣೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿವರೆಗೆ ಮಾತ್ರ ಖರ್ಚು ಮಾಡಬಹುದು, 2022ರಲ್ಲಿ ಏರಿಸಿದ ಮಿತಿ ಇದು. ಜಾಹೀರಾತು ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ. ಸುದ್ದಿ ಅಂತ ಬಂದರೆ ಲೆಕ್ಕಕ್ಕೂ ಇಲ್ಲ, ಓದುವವರು ನಂಬಿಯೂ ಬಿಡುತ್ತಾರೆ. ಒಂದು ಏಟಿಗೆ ಎರಡು ಹಕ್ಕಿ.

ಗುರುತುಗಳು ಇವು. ಬರೀ ಹೊಗಳಿಕೆ, ಒಂದೇ ಒಂದು ಕಷ್ಟದ ಪ್ರಶ್ನೆಯೂ ಇಲ್ಲ. ಎದುರಾಳಿಯ ಹೆಸರೇ ಇಲ್ಲ. ಅಭ್ಯರ್ಥಿಯ ಮುಖ ಮಾತ್ರ ಸ್ಟುಡಿಯೊದಲ್ಲಿ ತೆಗೆದ ಫೋಟೊ. ಅಕ್ಷರದ ವಿನ್ಯಾಸ ಪಕ್ಕದ ಸುದ್ದಿಗಿಂತ ಸ್ವಲ್ಪ ಬೇರೆ. ಒಂದೇ ಪುಟದಲ್ಲಿ ಮೇಲೆ ಒಬ್ಬರಿಗೆ "ಗೆಲುವು ಖಚಿತ", ಕೆಳಗೆ ಅವರ ಎದುರಾಳಿಗೂ "ಗೆಲುವು ನಿಶ್ಚಿತ". ಇಬ್ಬರೂ ಹೇಗೆ ಗೆಲ್ಲುತ್ತಾರೆ ಅಂತ ಪುಟ ಕಟ್ಟಿದವರನ್ನೇ ಕೇಳಬೇಕು.

ಎಲ್ಲಕ್ಕಿಂತ ಗಟ್ಟಿ ಗುರುತು, ಒಂದೇ ಬರಹ ಬೇರೆ ಬೇರೆ ಪೇಪರಿನಲ್ಲಿ ಅಕ್ಷರ ಬದಲಾಗದೆ ಬರುವುದು. 2009ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯಲ್ಲಿ ಒಂದಕ್ಕೊಂದು ಪೈಪೋಟಿಯ ಮೂರು ಮರಾಠಿ ಪತ್ರಿಕೆಗಳಲ್ಲಿ ಮುಖ್ಯಮಂತ್ರಿಯನ್ನು ಹೊಗಳುವ ಒಂದೇ ಬರಹ ಬಂದಿದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆ ತಂದರು. ಅದಾದ ಮೇಲೆ ದೇಶದಲ್ಲಿ ಈ ಮಾತು ಜೋರಾಯಿತು, ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟಿತು. 2011ರಲ್ಲಿ ಚುನಾವಣಾ ಆಯೋಗ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಪೇಯ್ಡ್ ನ್ಯೂಸ್ ಖರ್ಚು ಲೆಕ್ಕದಲ್ಲಿ ತೋರಿಸಲಿಲ್ಲ ಅಂತ ಅನರ್ಹಗೊಳಿಸಿತು. ಅಂದರೆ ಇದು ಬರೀ ಬೈದುಕೊಂಡು ಸುಮ್ಮನಾಗುವ ವಿಷಯ ಅಲ್ಲ.

ಎಚ್ಚರಿಕೆ: ಪಕ್ಷದ ಕಚೇರಿ ಕಳಿಸಿದ ಪತ್ರಿಕಾ ಪ್ರಕಟಣೆಯನ್ನು ಹಾಗೇ ಹಾಕಿದರೂ ಎರಡು ಪೇಪರಿನಲ್ಲಿ ಒಂದೇ ಥರ ಕಾಣುತ್ತದೆ. ಅದು ಸೋಮಾರಿತನ, ಕಾಸಿನ ಸುದ್ದಿ ಆಗಿರಲೇಬೇಕಿಲ್ಲ. "ಜಾಹೀರಾತು" ಅಂತ ಮೂಲೆಯಲ್ಲಿ ಸಣ್ಣದಾಗಿ ಹಾಕಿದ್ದರೆ ಅದೂ ಪೇಯ್ಡ್ ನ್ಯೂಸ್ ಅಲ್ಲ. ಮೊದಲು ಆ ಮೂಲೆ ನೋಡಿ.

ಕರಪತ್ರದ ವಿಷಯ ಇನ್ನೂ ಸುಲಭ. ಚುನಾವಣೆ ಕರಪತ್ರ, ಪೋಸ್ಟರ್ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾತ್ರೋರಾತ್ರಿ ಬಾಗಿಲ ಕೆಳಗೆ ತೂರಿ ಹೋಗುವ "ನೊಂದ ಮತದಾರರು", "ಸಮಾಜದ ಹಿತೈಷಿಗಳು" ಕರಪತ್ರಗಳಲ್ಲಿ ಇದು ಇರುವುದಿಲ್ಲ. ಓದುವ ಮೊದಲು ತಿರುಗಿಸಿ ಕೆಳಗಿನ ಸಾಲು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 5: ಸಮೀಕ್ಷೆಗೆ ನಾಲ್ಕು ಪ್ರಶ್ನೆ

ಬೇಗ ಮುಗಿಸುತ್ತೇನೆ. ಎಷ್ಟು ಜನರನ್ನು ಕೇಳಿದರು, ಯಾವಾಗ ಕೇಳಿದರು, ಯಾರ ದುಡ್ಡಿನಲ್ಲಿ ಕೇಳಿದರು, ನಿಮ್ಮ ಕ್ಷೇತ್ರದಲ್ಲಿ ಎಷ್ಟು ಜನರನ್ನು ಕೇಳಿದರು. ಇಡೀ ರಾಜ್ಯದಲ್ಲಿ ಕೆಲವು ಸಾವಿರ ಜನರನ್ನು ಕೇಳಿ, ಮಾಯಕೊಂಡದಲ್ಲಿ ಇವರು ಹೊಸದುರ್ಗದಲ್ಲಿ ಅವರು ಅಂತ ಹೇಳಿದರೆ ಆ ಕ್ಷೇತ್ರದ ಪಾಲಿಗೆ ಬಂದಿರುವುದು ಹಿಡಿಯಷ್ಟು ಜನ. ಮತ ಹಾಕಿ ಹೊರಬಂದವರನ್ನು ಕೇಳುವ ಎಕ್ಸಿಟ್ ಪೋಲ್ ಕೂಡ ಎಡವುತ್ತದೆ. 2024ರ ಲೋಕಸಭೆಯಲ್ಲಿ ಬಹಳಷ್ಟು ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ಕ್ಕೂ ಜಾಸ್ತಿ ಸೀಟು ಕೊಟ್ಟವು, ಜೂನ್ 4ಕ್ಕೆ ಬಂದದ್ದು 293.

ಮತದಾನ ಪೂರ್ತಿ ಮುಗಿಯುವ ಮೊದಲೇ, ಅಂದರೆ ಎಲ್ಲ ಹಂತ ಮುಗಿಯುವ ಮೊದಲೇ, ಎಕ್ಸಿಟ್ ಪೋಲ್ ಅಂತ ಏನಾದರೂ ನಿಮ್ಮ ಫೋನಿಗೆ ಬಂದರೆ ಅದು ಸುಳ್ಳಾಗಿರುತ್ತದೆ, ಇಲ್ಲಾ ಕಾನೂನು ಮುರಿದದ್ದಾಗಿರುತ್ತದೆ. ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಪ್ರಕಾರ ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಜೈಲಾಗಬಹುದು.

ಹಂತ 6: ವಾಟ್ಸಾಪ್ ವಿಡಿಯೊ ಬಂದರೆ

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ, ನಾವು ಮಾರಿಕಣಿವೆ ಅನ್ನುವ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ, ನೀರು ಭೋರ್ಗರೆಯುವ ಒಂದು ವಿಡಿಯೊವನ್ನು ಖುಷಿಯಲ್ಲಿ ಮನೆಯ ಗ್ರೂಪಿಗೆ ಹಾಕಿದೆ. ಹಿರಿಯೂರಿನ ಚಿಕ್ಕಪ್ಪ ಫೋನ್ ಮಾಡಿ "ಲೇ, ಅದರಲ್ಲಿ ಗೇಟ್ ಎತ್ತಿ ನೀರು ಬಿಡ್ತಾ ಇದಾರೆ, ನಮ್ಮ ಮಾರಿಕಣಿವೆ ಕೋಡಿಗೆ ಗೇಟ್ ಎಲ್ಲೈತೋ?" ಅಂದರು. ನೀರಿನ ವಿಡಿಯೊ ಆದ್ದರಿಂದ ನಕ್ಕು ಮುಗಿಯಿತು. ಅದೇ ಗಲಾಟೆಯ ವಿಡಿಯೊ ಆಗಿದ್ದರೆ?

ಅವತ್ತಿನಿಂದ ನಾನು ಮಾಡುವುದು ಹೀಗೆ.

ವಿಡಿಯೊವನ್ನು ಶಬ್ದ ಬಂದ್ ಮಾಡಿ ನೋಡಿ. ಹಿನ್ನೆಲೆಯ ಸಂಗೀತ, ಕೂಗು, ಮೇಲೆ ಅಂಟಿಸಿದ ಮಾತು, ಇವೆಲ್ಲ ನಿಮ್ಮ ಕಣ್ಣು ಕಟ್ಟುತ್ತವೆ. ಶಬ್ದ ತೆಗೆದರೆ ಚಿತ್ರ ಮಾತ್ರ ಉಳಿಯುತ್ತದೆ. ಆಮೇಲೆ ಗಾಡಿಗಳ ನಂಬರ್ ಪ್ಲೇಟ್ ನೋಡಿ. ದಾವಣಗೆರೆಯದು ಅಂತ ಹೇಳುವ ವಿಡಿಯೊದಲ್ಲಿ ಕೆಎ-17 ಒಂದೂ ಇಲ್ಲ, ಚಿತ್ರದುರ್ಗದ್ದು ಅಂತ ಹೇಳುವುದರಲ್ಲಿ ಕೆಎ-16 ಒಂದೂ ಇಲ್ಲ, ಎಲ್ಲ ಬೇರೆ ರಾಜ್ಯದ ಗಾಡಿಗಳೇ ಅಂದರೆ ಅಲ್ಲೇ ನಿಲ್ಲಿ. ಅಂಗಡಿ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ, ಪೊಲೀಸರ ಟೋಪಿ, ಮಳೆಯಾ ಬಿಸಿಲಾ. ಏಪ್ರಿಲ್ ತಿಂಗಳ ದುರ್ಗದ ವಿಡಿಯೊದಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರೆ ಅನುಮಾನ ಬರಬೇಕಲ್ವಾ?

ಆಮೇಲೆ ಬೋರ್ಡೋ ಕಟ್ಟಡವೋ ಚೆನ್ನಾಗಿ ಕಾಣುವ ಜಾಗದಲ್ಲಿ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಅಂಟಿಸಿದ ಬರಹ ಕತ್ತರಿಸಿ ಹಾಕಿ. ಚಿತ್ರ ಕೊಟ್ಟರೆ ಅದು ಇಂಟರ್ನೆಟ್‌ನಲ್ಲಿ ಎಲ್ಲೆಲ್ಲಿದೆ ಅಂತ ಹುಡುಕುವ ಗೂಗಲ್ ಲೆನ್ಸ್ ತೆರೆದು ಆ ಚಿತ್ರ ಕೊಡಿ. ಬಂದದ್ದರಲ್ಲಿ ಅತಿ ಹಳೆಯ ದಿನಾಂಕ ಯಾವುದು ಅಂತ ಹುಡುಕಿ. ನಿನ್ನೆಯ ಗಲಾಟೆ ಅಂತ ಬಂದದ್ದು ನಾಲ್ಕು ವರ್ಷದ ಹಿಂದಿನ ಇನ್ಯಾವುದೋ ರಾಜ್ಯದ್ದಾಗಿರುವುದೇ ಜಾಸ್ತಿ.

ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲ ಅಂದರೆ ವಿಡಿಯೊ ನಿಜ ಅಂತಲ್ಲ. ಗೊತ್ತಿಲ್ಲ ಅಂತ ಅಷ್ಟೇ. ಡೀಪ್‌ಫೇಕ್ ಆಗಿದ್ದರೆ, ಅಂದರೆ ಕಂಪ್ಯೂಟರಿನಲ್ಲಿ ಒಬ್ಬರ ಮುಖ ಅಥವಾ ದನಿಯನ್ನು ಹೊಸದಾಗಿ ಸೃಷ್ಟಿಸಿದ್ದರೆ, ಹಳೆಯ ಪ್ರತಿ ಸಿಗುವುದೇ ಇಲ್ಲ. ಆಗ ಆ ಭಾಷಣ ಎಲ್ಲಿ, ಯಾವತ್ತು ನಡೆಯಿತು ಅಂತ ಹುಡುಕಿ, ಪೂರ್ತಿ ಭಾಷಣ ಯೂಟ್ಯೂಬಿನಲ್ಲಿದೆಯಾ ನೋಡಿ. ಹದಿನೈದು ಸೆಕೆಂಡಿನ ತುಣುಕು ಮಾತ್ರ ಇದ್ದು ಪೂರ್ತಿ ಭಾಷಣ ಎಲ್ಲೂ ಸಿಗದಿದ್ದರೆ ಮುಂದೆ ಕಳಿಸಬೇಡಿ.

ಹಂತ 7: ಹೊರಗಿನ ಕೈ ಇದೆಯಾ ಅಂತ ನೋಡುವುದು

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ "ಹೊರಗಿನವರು" ಅಂದರೆ ಬೇರೆ ಜಿಲ್ಲೆಯಿಂದ ಬಂದು ನಿಂತ ಅಭ್ಯರ್ಥಿ ಅಂತ ಅರ್ಥ. 2024ರಲ್ಲಿ ಚಿತ್ರದುರ್ಗದಿಂದ ಗೆದ್ದ ಗೋವಿಂದ ಕಾರಜೋಳ ಬಾಗಲಕೋಟೆ ಕಡೆಯವರು, ಅದರ ಬಗ್ಗೆ ಮಾತುಕತೆ ಆದದ್ದೂ ಹೌದು. ಆದರೆ ಅದು ಮತದಾರರ ಕಣ್ಣೆದುರೇ ನಡೆಯುವ ರಾಜಕಾರಣ. ನಾನು ಹೇಳುತ್ತಿರುವುದು ಕಣ್ಣಿಗೆ ಕಾಣದ ಕೈ. ಹೆಸರು ಹೇಳದೆ, ಮುಖ ತೋರಿಸದೆ, ಇಲ್ಲಿಯವರ ವೇಷ ಹಾಕಿಕೊಂಡು ಮಾತಾಡುವವರು.

ವಿದೇಶಿ ದುಡ್ಡು ನೇರವಾಗಿ ಬರುವ ಹಾಗಿಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಅಭ್ಯರ್ಥಿಗಳು, ಪಕ್ಷಗಳಷ್ಟೇ ಅಲ್ಲ, ನೋಂದಾಯಿತ ಪತ್ರಿಕೆಯ ಸಂಪಾದಕರು, ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು ಕೂಡ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಆದರೆ ಫೇಸ್‌ಬುಕ್ ಪೇಜ್ ತೆರೆಯಲು ದೇಣಿಗೆ ಯಾಕೆ ಬೇಕು?

2016ರ ಮೇ 21. ಅಮೆರಿಕದ ಹ್ಯೂಸ್ಟನ್ ಊರಿನ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ರಸ್ತೆಯ ಎರಡು ಬದಿಗೆ ಎರಡು ಗುಂಪು. ಒಂದು ಬದಿಗೆ ಇಸ್ಲಾಂ ವಿರೋಧಿಗಳು, ಎದುರು ಬದಿಗೆ ಅವರ ವಿರೋಧಿಗಳು, ನಡುವೆ ಪೊಲೀಸರು. ಒಂದು ಗುಂಪನ್ನು ಕರೆದದ್ದು 'ಹಾರ್ಟ್ ಆಫ್ ಟೆಕ್ಸಾಸ್' ಅನ್ನುವ ಫೇಸ್‌ಬುಕ್ ಪೇಜ್, ಇನ್ನೊಂದನ್ನು ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಅನ್ನುವ ಪೇಜ್. ಎರಡೂ ಪೇಜ್ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ, ಇಂಟರ್ನೆಟ್ ರಿಸರ್ಚ್ ಏಜೆನ್ಸಿ. ಅದಕ್ಕೆ ತಗುಲಿದ ಜಾಹೀರಾತು ಖರ್ಚು ಸುಮಾರು 200 ಡಾಲರ್ ಅಂತ ಅಮೆರಿಕದ ಸೆನೆಟ್ ಸಮಿತಿಯ ಅಧ್ಯಕ್ಷರೇ ಆಮೇಲೆ ಹೇಳಿದರು. ರಸ್ತೆಗೆ ಬಂದು ಕೂಗಿದವರೆಲ್ಲ ಸ್ಥಳೀಯರೇ, ಸಿಟ್ಟೂ ಅವರದ್ದೇ. ಕರೆದವರು ಮಾತ್ರ ಸಾವಿರಾರು ಮೈಲಿ ಆಚೆ.

ಹೊರಗಿನ ಕೈ ಹೊಸ ಜಗಳ ಹುಟ್ಟಿಸುವ ಗೋಜಿಗೆ ಹೋಗುವುದಿಲ್ಲ, ಇರುವ ಬಿರುಕಿಗೇ ಬೆರಳು ಹಾಕುತ್ತದೆ. ನಮ್ಮ ಬಿರುಕು ಯಾವುದು ಅಂತ ನಿಮಗೇ ಗೊತ್ತು: ಭದ್ರಾ ನೀರು, ಒಳಮೀಸಲಾತಿ, ಮಸೀದಿ ಮೆರವಣಿಗೆ, ಮಠ ಮಠಗಳ ನಡುವಿನ ಮಾತು. ಈ ವಿಷಯಗಳಲ್ಲಿ ಒಂದು ಪೋಸ್ಟ್ ನಿಮ್ಮ ರಕ್ತ ಕುದಿಸಿದರೆ, ಕುದಿಯುತ್ತಿರುವಾಗಲೇ ಇಷ್ಟು ಮಾಡಿ:

ಫೇಸ್‌ಬುಕ್ ಪೇಜ್ ಆಗಿದ್ದರೆ ಅದರ 'ಅಬೌಟ್' ಒಳಗೆ 'ಪೇಜ್ ಟ್ರಾನ್ಸ್‌ಪರೆನ್ಸಿ' ಅಂತ ಇರುತ್ತದೆ, ಒತ್ತಿ. ಪೇಜ್ ಶುರುವಾದ ದಿನ, ಮೊದಲು ಏನು ಹೆಸರಿತ್ತು ಕಾಣುತ್ತದೆ, ನಡೆಸುವವರು ಯಾವ ದೇಶದಲ್ಲಿದ್ದಾರೆ ಅನ್ನುವುದೂ ಎಷ್ಟೋ ಪೇಜ್‌ಗಳಲ್ಲಿ ಸಿಗುತ್ತದೆ. ಊರಿನ ಹೆಮ್ಮೆ, ನಾಡಿನ ಹೆಮ್ಮೆ ಅನ್ನುವ ಹೆಸರಿನ ಪೇಜು ಹೋದ ವರ್ಷದವರೆಗೆ ಸಿನಿಮಾ ನಟನ ಅಭಿಮಾನಿ ಪೇಜ್ ಆಗಿತ್ತು ಅಂದರೆ ಯಾರೋ ಲೈಕುಗಳ ಸಮೇತ ಅದನ್ನು ಕೊಂಡಿರಬಹುದು.

ದುಡ್ಡು ಕೊಟ್ಟು ಹರಡಿದ ಪೋಸ್ಟ್ ಆಗಿದ್ದರೆ 'ಮೆಟಾ ಆಡ್ ಲೈಬ್ರರಿ' ಅಂತ ಗೂಗಲ್‌ನಲ್ಲಿ ಹುಡುಕಿ, ಅದು ಫೇಸ್‌ಬುಕ್ ಕಂಪನಿಯೇ ಇಟ್ಟಿರುವ ಜಾಹೀರಾತುಗಳ ಪಟ್ಟಿ. ಲಾಗಿನ್ ಬೇಡ, ದುಡ್ಡು ಬೇಡ. ದೇಶ ಭಾರತ, ವಿಭಾಗ ಚುನಾವಣೆ ಮತ್ತು ರಾಜಕೀಯ ಅಂತ ಆರಿಸಿ ಪೇಜಿನ ಹೆಸರೋ ಒಂದು ಕನ್ನಡ ಪದವೋ ಹಾಕಿ. ಜಾಹೀರಾತಿನ ದುಡ್ಡು ಯಾರ ಹೆಸರಲ್ಲಿ ಬಂತು, ಸುಮಾರು ಎಷ್ಟು ಖರ್ಚಾಯಿತು, ಯಾವ ರಾಜ್ಯದವರು, ಯಾವ ವಯಸ್ಸಿನವರು ನೋಡಿದರು ಅಂತ ಬರುತ್ತದೆ. ಅಭ್ಯರ್ಥಿಯ ಹೆಸರಲ್ಲಿ ಇಲ್ಲದೆ, ಯಾರೂ ಕೇಳಿರದ ಹೆಸರಲ್ಲಿ ಲಕ್ಷಗಟ್ಟಲೆ ಸುರಿದಿದ್ದರೆ ಅದಕ್ಕೆ ಸರೊಗೇಟ್ ಜಾಹೀರಾತು ಅನ್ನುತ್ತಾರೆ, ಅಂದರೆ ಬೇರೆಯವರ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವುದು. ಗೂಗಲ್, ಯೂಟ್ಯೂಬ್ ಜಾಹೀರಾತಿಗೂ 'ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್' ಅಂತ ಇದೇ ಥರದ್ದು ಇದೆ. ವಾಟ್ಸಾಪಿಗೆ ಇಂಥದ್ದು ಯಾವುದೂ ಇಲ್ಲ, ಅದಕ್ಕೇ ಅಲ್ಲಿ ಹೊಲಸು ಜಾಸ್ತಿ.

ಇಲ್ಲಿಯ ದೊಡ್ಡ ಗುಂಡಿ ಯಾವುದು ಅಂದರೆ, ತನಗಾಗದ ಮಾತೆಲ್ಲ ವಿದೇಶಿ ಕೈವಾಡ ಅನ್ನುವುದು. ಮೆಕ್ಕೆಜೋಳಕ್ಕೆ ಬೆಲೆ ಇಲ್ಲ ಅಂತ ಎಪಿಎಂಸಿ ಮುಂದೆ ರೈತರು ಕೂತರೆ ಅದಕ್ಕೆ ಯಾವ ಹೊರದೇಶವೂ ಬೇಕಿಲ್ಲ, ಬೆಲೆ ಇಲ್ಲದಿದ್ದರೆ ಸಾಕು. ಕಾಗದದ ಆಧಾರ ಸಿಗುವವರೆಗೆ ಆ ಮಾತು ಬಾಯಿಂದ ತೆಗೆಯಬೇಡಿ.

ಹಂತ 8: ಕೊನೆಯ 48 ಗಂಟೆ

ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಟಿವಿಯಲ್ಲಿ, ಸಭೆಯಲ್ಲಿ ಪ್ರಚಾರ ಮಾಡುವಂತಿಲ್ಲ. ಇದನ್ನು ಮೌನ ಅವಧಿ ಅನ್ನುತ್ತಾರೆ, 126ನೇ ಕಲಂ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಇದರ ತಮಾಷೆ ನೋಡಿ. 2024ರಲ್ಲಿ ಚಿತ್ರದುರ್ಗ ಕ್ಷೇತ್ರಕ್ಕೆ ಮತದಾನ ಏಪ್ರಿಲ್ 26, ದಾವಣಗೆರೆಗೆ ಮೇ 7. ಭರಮಸಾಗರಕ್ಕೆ ಮೌನ, ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಬಂದರೆ ಆನಗೋಡಿನಲ್ಲಿ ಮೈಕು. ಟಿವಿಗೂ ಫೋನಿಗೂ ಜಿಲ್ಲೆಯ ಗಡಿ ಎಲ್ಲಿದೆ ಅಂತ ಗೊತ್ತಾ? ಬೇರೆ ಕಡೆ ಮಾಡಿದ ಭಾಷಣ ಮೌನದಲ್ಲಿರುವ ಊರಿನ ಟಿವಿಯಲ್ಲೂ ಬರುತ್ತಲೇ ಇರುತ್ತದೆ.

ಸುಳ್ಳು ಹರಡುವವರು ಕಾಯುವುದೂ ಈ 48 ಗಂಟೆಗೇ, ಯಾಕೆಂದರೆ ಎದುರಿನವರು ಸಭೆ ಮಾಡಿ ಉತ್ತರ ಕೊಡುವ ಹಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಸ್ಲೊವಾಕಿಯ ದೇಶದಲ್ಲಿ ಮತದಾನಕ್ಕೆ ಎರಡು ದಿನ ಇರುವಾಗ, ಒಬ್ಬ ಪಕ್ಷದ ನಾಯಕ ಪತ್ರಕರ್ತೆಯೊಬ್ಬರ ಜೊತೆ ಚುನಾವಣೆಯಲ್ಲಿ ಮೋಸ ಮಾಡುವ ಬಗ್ಗೆ ಮಾತಾಡುತ್ತಿರುವ ಹಾಗೆ ನಕಲಿ ಆಡಿಯೊ ಹರಡಿತು. ಅಲ್ಲೂ ಮೌನ ಅವಧಿ ನಡೆಯುತ್ತಿತ್ತು. ನಮ್ಮಲ್ಲಿ ಡೀಪ್‌ಫೇಕ್ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕು ಅಂತ ಆಯೋಗ 2024ರ ಮೇನಲ್ಲಿ ಪಕ್ಷಗಳಿಗೆ ಹೇಳಿದೆ, ಆದರೆ ಮೂರು ಗಂಟೆಯಲ್ಲಿ ಅದು ಎಷ್ಟು ಗ್ರೂಪ್ ಸುತ್ತಿ ಬಂದಿರುತ್ತದೆ ನೀವೇ ಲೆಕ್ಕ ಹಾಕಿ.

ಹಾಗಾಗಿ ನನ್ನ ನಿಯಮ ಸರಳ. ಕೊನೆಯ ಎರಡು ದಿನ ಹೊಸದಾಗಿ ಬಂದ "ಸ್ಫೋಟಕ" ಆಡಿಯೊ, ವಿಡಿಯೊ, ರಾಜೀನಾಮೆ ಪತ್ರ, "ಕಣದಿಂದ ಹಿಂದೆ ಸರಿದರು" ಅನ್ನುವ ಸುದ್ದಿ ಯಾವುದನ್ನೂ ಮುಂದೆ ಕಳಿಸುವುದಿಲ್ಲ. ನಿಜವಾಗಿದ್ದರೂ ಕಳಿಸುವುದಿಲ್ಲ. ನಿಜವಾಗಿದ್ದರೆ ಬೇರೆ ದಾರಿಯಲ್ಲಿ ಜನಕ್ಕೆ ತಲುಪುತ್ತದೆ.

ಹಂತ 9: ದೂರು ಎಲ್ಲಿ ಕೊಡುವುದು

ಪೇಯ್ಡ್ ನ್ಯೂಸ್ ಅನುಮಾನ ಇದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಚುನಾವಣೆ ಸಮಯದಲ್ಲಿ ಕೆಲಸ ಮಾಡುವ ಎಂಸಿಎಂಸಿಗೆ, ಅಂದರೆ ಮಾಧ್ಯಮದ ಮೇಲೆ ಕಣ್ಣಿಡುವ ಸಮಿತಿಗೆ, ಬರೆದು ಕೊಡಿ. ಪೇಪರಿನ ಪೂರ್ತಿ ಪುಟ ಇಡಿ, ಸುದ್ದಿ ಮಾತ್ರ ಕತ್ತರಿಸಿ ಕೊಟ್ಟರೆ ದಿನಾಂಕವೂ ಇರುವುದಿಲ್ಲ ಆವೃತ್ತಿಯೂ ಗೊತ್ತಾಗುವುದಿಲ್ಲ. ಎರಡು ಪೇಪರಿನಲ್ಲಿ ಒಂದೇ ಬರಹ ಇದ್ದರೆ ಎರಡೂ ಪುಟ ಕೊಡಿ. ಬೇಗ ಕೊಡಿ, ಅಭ್ಯರ್ಥಿಗೆ ನೋಟಿಸ್ ಕೊಡಲು ಅವರಿಗೂ 96 ಗಂಟೆಯ ಗಡುವು ಇದೆ.

ದುಡ್ಡು, ಸೀರೆ, ಹೆಂಡ ಹಂಚುವುದು, ಹೆಸರಿಲ್ಲದ ಪೋಸ್ಟರ್ ಅಂಟಿಸುವುದು ಕಣ್ಣಿಗೆ ಬಿದ್ದರೆ ದೂರು ಕೊಡಲು ಚುನಾವಣಾ ಆಯೋಗದ ಸಿ-ವಿಜಿಲ್ ಆಪ್ ಇದೆ. 2018ರಲ್ಲಿ ಬಂದದ್ದು, 100 ನಿಮಿಷದಲ್ಲಿ ಕ್ರಮ ಅಂತ ಆಯೋಗದ ಮಾತು. ಹೆಸರು ಹೇಳದೆಯೂ ಕೊಡಬಹುದು. ಫೋಟೊ, ವಿಡಿಯೊವನ್ನು ಆಪ್ ಒಳಗಿನಿಂದಲೇ ಅದೇ ಜಾಗದಲ್ಲಿ ತೆಗೆಯಬೇಕು, ಗ್ಯಾಲರಿಯಲ್ಲಿ ಇರುವುದನ್ನು ತೆಗೆದುಕೊಳ್ಳುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವಿ "ಆಪ್ ಕೆಲಸ ಮಾಡಲ್ಲ" ಅಂತ ಬೈಯುತ್ತಾರೆ. ನೀತಿ ಸಂಹಿತೆ ಜಾರಿಯಲ್ಲಿ ಇಲ್ಲದಾಗಲೂ ಇದು ನಡೆಯುವುದಿಲ್ಲ. ಇನ್ನು ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆಯೇ ಸಂಸ್ಥೆ, ಅಲ್ಲಿಯ ದೂರು ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿಗೆ. ಏನೂ ತೋಚದಿದ್ದರೆ 1950ಕ್ಕೆ ಫೋನ್ ಮಾಡಿ, ಅದು ಮತದಾರರ ಸಹಾಯವಾಣಿ.

ಚುನಾವಣೆ ಮುಗಿದ ಮೇಲೂ ದಿನಪತ್ರಿಕೆಯ ಮೇಲೆ ದೂರು ಇದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಬರೆಯಬಹುದು, ಸುದ್ದಿ ಬಂದ ಎರಡು ತಿಂಗಳೊಳಗೆ. ಮೊದಲು ಸಂಪಾದಕರಿಗೆ ಪತ್ರ ಬರೆದಿರಬೇಕು, ಅದರ ಪ್ರತಿ ಲಗತ್ತಿಸಬೇಕು. ಟಿವಿ ಚಾನೆಲ್ ಆದರೆ ಇಷ್ಟು ದಿನ ಕಾಯಬೇಡಿ, ಕಾರ್ಯಕ್ರಮ ಬಂದ ವಾರದೊಳಗೆ ಚಾನೆಲ್‌ಗೇ ಬರೆಯಿರಿ, ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಮೂರೂ ಇರಲಿ.

ದೂರಿನಲ್ಲಿ "ಈ ಪೇಪರ್ ಮಾರಿಕೊಂಡಿದೆ" ಅಂತ ಬರೆಯಬೇಡಿ, ಅದು ಬೈಗುಳ, ಅದನ್ನು ಪಕ್ಕಕ್ಕಿಡುತ್ತಾರೆ. "ಇಂಥ ದಿನ, ಇಂಥ ಪುಟ, ಈ ಬರಹ ಇನ್ನೊಂದು ಪತ್ರಿಕೆಯ ಇಂಥ ಪುಟದಲ್ಲೂ ಅಕ್ಷರಶಃ ಹೀಗೇ ಇದೆ" ಅಂತ ಬರೆಯಿರಿ. ಏಳು ದಿನದ ನೋಟ್‌ಬುಕ್ ಕೈಯಲ್ಲಿದ್ದರೆ ಅದರ ಜೆರಾಕ್ಸ್ ಹಚ್ಚಿ, ಮೊದಲ ಪುಟ ಮಾತ್ರ ಬಿಟ್ಟು.